ಅಕ್ಕನ ಐದು ಗಂಟುಗಳು

ಪ್ರವಾಸವೆಂದೊಡನೆ ಪುಣ್ಯಕ್ಷೇತ್ರಗಳ ದರ್ಶನ, ಗುಡಿಗೋಪುರಗಳ ವೀಕ್ಷಣೆ, ನದೀಸ್ನಾನ ಮುಂತಾದವೇ ನಮ್ಮ ಮನಸ್ಸಿಗೆ ಬರುತ್ತವೆ. ಬಾದಾಮಿಯ ಸೀಮೆಗೆ ಹೋಗಿಬಂದವರನ್ನು ಕೇಳಿದರೆ ಚಾಲುಕ್ಯರ ಗುಹಾಲಯಗಳ ವಿಷಯವನ್ನೋ, ಅಗಸ್ತ್ಯತೀರ್ಥದ ವಿಷಯವನ್ನೋ, ಬನಶಂಕರಿಯ ಜಾತ್ರೆಯ ವಿಷಯವನ್ನೋ ಹೇಳುತ್ತಾರೆ. ಕಳೆದ ಫಾಲ್ಗುಣ ಮಾಸದಲ್ಲಿ ನಾನೂ ಆ ಸೀಮೆಗೆ ಹೋಗಿದ್ದೆ. ಆದರೆ ನಾನು ಕಂಡುಬಂದದ್ದು ಹತ್ತಡಿ ಉದ್ದ, ಎಂಟಡಿ ಅಗಲದ ಒಂದು ಕತ್ತಲೆಯ ಕೋಣೆಯನ್ನು. ಅದರೊಳಗೆ ಗೋಡೆಗೆ ಒರಗಿಸಿಟ್ಟಿದ್ದ ಐದು ಅರಿವೆಯ ಗಂಟುಗಳನ್ನು. ಇದನ್ನು ಪ್ರವಾಸವೆಂದು ಕರೆಯಬಹುದೋ ಬಾರದೋ ಅರಿಯೆ. ಕಂಡದ್ದನ್ನು ಕಂಡಂತೆ ಓದುಗ ಬಂಧುಗಳ ಮುಂದೆ ಇಡುತ್ತೇನೆ.

ಆ ಕೋಣೆ ನನ್ನ ಅಕ್ಕನದು. ಅವಳು ನನಗಿಂತ ಹನ್ನೆರಡು ವರ್ಷ ಹಿರಿಯಳು. ನಾನು ಮೂರು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡದ್ದರಿಂದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಕಳೆದ ಶ್ರಾವಣದಲ್ಲಿ ಅವಳು ಲಿಂಗೈಕ್ಯಳಾದಳು. ಅರ್ಧ ವರ್ಷ ಆ ಕೋಣೆಗೆ ಯಾರೂ ಕೈಹಚ್ಚಲಿಲ್ಲ. ಒಂದು ದಿನ ಅವಳ ಮಗ, ಎಂದರೆ ನನ್ನ ಅಳಿಯ, ಫೋನು ಮಾಡಿ, "ಮಾಮಾ, ಅವ್ವನ ಕೋಣಿ ತುಂಬ ಹಳೇ ಅರಿವಿ ಅದಾವ. ಪಾತ್ರಿ ಮಾರಾಕಿ ಬಂದಾಗ ಕೊಟ್ಟು ನಾಲ್ಕು ಸ್ಟೀಲ್ ಡಬ್ಬಿ ತಗೋಬೇಕಂತ ಮಾಡೇವಿ. ನಿಮ್ಮ ಪುಸ್ತಕ ಏನರ ಅದರಾಗ ಇದ್ರ ಒಮ್ಮೆ ಬಂದು ನೋಡ್ರಿ" ಎಂದನು. "ಹಾಗೆಯೇ ಮಾಡು, ಪುಸ್ತಕಗಳನ್ನಷ್ಟೇ ಕಾದಿಡು" ಎಂದು ನಾನೂ ಒಪ್ಪಿದೆ. ಒಪ್ಪಿದೆನೆಂಬುದನ್ನು ಮರೆಮಾಡಲಾರೆ.

ಗದಗದಿಂದ ಬಾದಾಮಿಗೆ ಹೋಗುವ ರೈಲುಮಾರ್ಗ ನನ್ನ ಬಾಲ್ಯದಲ್ಲಿ ಮೀಟರ್ ಗೇಜಿನದಾಗಿತ್ತು. ಈಗ ಅಗಲವಾದ ಹಳಿಗಳ ಮೇಲೆ ಗಾಡಿ ವೇಗವಾಗಿ ಓಡುತ್ತದೆ. ಎರಡೂ ಬದಿಗೆ ಕಣ್ಣು ಹಾಯುವವರೆಗೆ ಎರೆಭೂಮಿ. ಬಿಳಿಜೋಳದ ಸುಗ್ಗಿ ಮುಗಿದು ಕಣಗಳಲ್ಲಿ ಕಣಿಕೆಯ ಬಣವಿಗಳು ಎದ್ದು ನಿಂತಿದ್ದವು. ಹೊಳೆಆಲೂರಿನ ಬಳಿ ಮಲಪ್ರಭೆಯನ್ನು ದಾಟಿದ ಮೇಲೆ ನೆಲದ ಬಣ್ಣ ಮೆಲ್ಲಮೆಲ್ಲನೆ ಬದಲಾಗುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ. ಬಾದಾಮಿ ಸಮೀಪಿಸಿದಂತೆ ಮರಳುಗಲ್ಲಿನ ಬೆಟ್ಟಗಳು ಕಾಣಿಸಿಕೊಳ್ಳುತ್ತವೆ.

ಇದೇ ಮಾರ್ಗದಲ್ಲಿ, ಎದುರು ದಿಕ್ಕಿಗೆ, ೧೯೭೧ರಲ್ಲಿ ನಾನು ಮೊದಲ ಸಲ ಹೊರಟಿದ್ದೆ. ಆಗ ನನಗೆ ಹನ್ನೆರಡು ವರ್ಷ. ಮಠದ ಉಚಿತ ಪ್ರಸಾದನಿಲಯದಲ್ಲಿದ್ದು ಸಂಸ್ಕೃತ ಪಾಠಶಾಲೆಯಲ್ಲಿ ಓದುವುದೆಂದು ನಿಶ್ಚಯವಾಗಿತ್ತು. ಒಂದು ತಗಡಿನ ಪೆಟ್ಟಿಗೆ, ಒಂದು ತಂಬಿಗೆ, ಅಕ್ಕ ಹೊಲಿದುಕೊಟ್ಟ ಒಂದು ಕೌದಿ, ಇಷ್ಟು ನನ್ನ ಆಸ್ತಿ. ಆ ಕೌದಿಯಲ್ಲಿ ನಮ್ಮ ತಾಯಿಯ ಎರಡು ಸೀರೆಗಳು ಒಳಹಾಸಾಗಿ ಸೇರಿದ್ದವು. ಮೇಲೆ ತಂದೆಯ ಧೋತರ, ಅಕ್ಕನ ಲಂಗ, ನನ್ನ ಚಡ್ಡಿಯ ತುಂಡುಗಳು. ನಿಲಯದಲ್ಲಿ ಅನುಕೂಲಸ್ಥರ ಮನೆಯ ಕೆಲವು ಹುಡುಗರು ಗಿರಣಿಯ ಜಮಖಾನೆಗಳನ್ನೂ ಉಣ್ಣೆಯ ಹೊದಿಕೆಗಳನ್ನೂ ತಂದಿದ್ದರು. ಅವರು ನನ್ನ ಕೌದಿಯನ್ನು "ನೂರು ಊರಿನ ಭಿಕ್ಷೆ" ಎಂದು ಕರೆದು ನಗುತ್ತಿದ್ದರು. ಎರಡು ವರ್ಷ ತಡೆದುಕೊಂಡೆ. ಶಿಷ್ಯವೇತನದ ಹಣ ಬಂದಾಗ ಒಂದು ಚಾದರವನ್ನು ಕೊಂಡು, ಕೌದಿಯನ್ನು ಅಡಿಗೆಯವರ ಮಗನಿಗೆ ಕೊಟ್ಟುಬಿಟ್ಟೆ. ದಾನ ಮಾಡಿದೆನೆಂದು ಮನಸ್ಸಿಗೆ ಹೇಳಿಕೊಂಡೆ. ನಿಜವಾಗಿ ಅದು ನಾಚಿಕೆಯಾಗಿತ್ತು. ರಜೆಯಲ್ಲಿ ಊರಿಗೆ ಬಂದಾಗ ಅಕ್ಕ ಕೇಳಿದಳು. "ಹರಿದುಹೋಯಿತು" ಎಂದು ಸುಳ್ಳು ಹೇಳಿದೆ. ಅವಳು ನನ್ನ ಮುಖವನ್ನು ನೋಡಿ, "ಹರಿದ್ರ ಮತ್ತೊಂದು ಹೊಲದ್ರಾತು" ಎಂದಳು. ಅಂದಿನಿಂದ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಾದಾಮಿಯಲ್ಲಿ ಇಳಿದು ಬಸ್ಸಿನಲ್ಲಿ ಗುಳೇದಗುಡ್ಡಕ್ಕೆ ಬಂದೆ. ಗುಳೇದಗುಡ್ಡ ಖಣಕ್ಕೆ ಹೆಸರಾದ ಊರು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಕುಪ್ಪಸಕ್ಕೆಂದೇ ನೇಯುವ ಈ ಸಣ್ಣ ವಸ್ತ್ರದ ಬುಟ್ಟಿಯ ವಿನ್ಯಾಸ ಬಣ್ಣ ಹಚ್ಚಿದ್ದಲ್ಲ, ಹೆಚ್ಚುವರಿ ಹಾಸಿನ ಎಳೆಗಳಿಂದ ಮಗ್ಗದಲ್ಲಿಯೇ ಮೂಡಿದ್ದು. ಓಣಿಗಳಲ್ಲಿ ಕೈಮಗ್ಗದ ಸದ್ದು ನನ್ನ ಬಾಲ್ಯದಲ್ಲಿದ್ದಷ್ಟು ಇಲ್ಲ. ಅಲ್ಲಿಂದ ಟಂಟಂ ಏರಿ ಅಕ್ಕನ ಹಳ್ಳಿಯನ್ನು ತಲಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಕೋಣೆಯ ಬಾಗಿಲನ್ನು ತೆರೆದೊಡನೆ ಬೇವಿನ ಒಣ ಎಲೆಯ ವಾಸನೆ ಬಂದಿತು. ಪುಸ್ತಕಗಳು ಯಾವುವೂ ಇರಲಿಲ್ಲ. ಐದು ದೊಡ್ಡ ಗಂಟುಗಳು, ಒಂದು ಸಣ್ಣ ಚೀಲ, ಅರ್ಧ ಹೊಲಿದು ಸುತ್ತಿಟ್ಟ ಒಂದು ಕೌದಿ, ಇಷ್ಟೇ. ನಾನು ಮೊದಲನೆಯ ಗಂಟನ್ನು ಬಿಚ್ಚುತ್ತಿರುವಾಗ ಸುದ್ದಿ ತಿಳಿದು ಅಕ್ಕನ ನಾಲ್ವರು ಗೆಳತಿಯರು ಬಂದರು: ಬಡಿಗೇರ ಮನೆಯ ಅಜ್ಜಿ, ಮುಲ್ಲಾರ ಮನೆಯ ತಾಯಿ, ನೇಕಾರ ಓಣಿಯ ಒಬ್ಬ ಹೆಣ್ಣುಮಗಳು, ಎದುರುಮನೆಯ ಗೌಡತಿ. ಅಜ್ಜಿ ಹೊಸ್ತಿಲಲ್ಲಿಯೇ ನಿಂತು, "ಅಪ್ಪಾರ, ಕೈ ಹಚ್ಚಬ್ಯಾಡ್ರಿ, ಕಲಸಿ ಬಿಟ್ರ ಮತ್ತ ಬ್ಯಾರೆ ಮಾಡೂದು ಆಗೂದಿಲ್ಲ" ಎಂದು ಗದರಿದಳು. ನಲವತ್ತು ವರ್ಷ ಗ್ರಂಥಗಳನ್ನು ವಿಂಗಡಿಸಿದ ನನಗೆ ಚಿಂದಿಯನ್ನು ವಿಂಗಡಿಸಲು ಬಾರದೆಂಬ ಮಾತು ವಿಚಿತ್ರವಾಗಿ ತೋರಿತು. ಆದರೂ ಸರಿದು ಕುಳಿತೆ. ಅವರು ಒಂದೊಂದೇ ಗಂಟನ್ನು ಬಿಚ್ಚಿ ತೋರಿಸಿದರು.

ಮೊದಲನೆಯದು ಹಾಸಿನ ಗಂಟು. ಇದರಲ್ಲಿ ಹಳೆಯ ನೂಲಿನ ಸೀರೆಗಳ ಒಡಲು ಮಾತ್ರ ಇದ್ದಿತು. ಇಳಕಲ್ಲ ಸೀರೆಯ ಒಡಲು ಹತ್ತಿಯದಾಗಿ ಸೆರಗು ರೇಶಿಮೆಯದಾಗಿರುವುದು ವಾಡಿಕೆ. ಎರಡರ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ. ಸವೆಯುವುದರಲ್ಲಿ ಎರಡರ ಗತಿಯೂ ಬೇರೆ. ಆದುದರಿಂದ ಅಕ್ಕ ಸೆರಗನ್ನು ಬಿಡಿಸಿ ಬೇರೆ ಇಟ್ಟಿದ್ದಳು. ಹಲವು ವರ್ಷ ಒಗೆದು ಒಗೆದು ಗಂಜಿಯೆಲ್ಲ ಹೋಗಿ ಮೆತ್ತಗಾದ ನೂಲು ಸೂಜಿಗೆ ಸುಲಭವಾಗಿ ದಾರಿ ಕೊಡುತ್ತದೆ, ಬೆವರನ್ನು ಹೀರುತ್ತದೆ. ಹೊಸ ಅರಿವೆಯನ್ನು ಒಗೆಯದೆ ಹಳೆಯದರೊಡನೆ ಸೇರಿಸಿದರೆ ಮೊದಲನೆಯ ತೊಳೆತದಲ್ಲಿಯೇ ಹೊಸದು ಕುಗ್ಗಿ ಕೌದಿಯ ಮೈಯೆಲ್ಲ ಸುಕ್ಕಾಗುತ್ತದೆ. ಇದನ್ನು ಅಂದೇ ತಿಳಿದೆ.

ಎರಡನೆಯದು ದಡಿಯ ಗಂಟು. ಸೀರೆಯಲ್ಲಿ ಎಲ್ಲಕ್ಕಿಂತ ಬಲವಾದ ಭಾಗ ದಡಿ. ಒಡಲು ಜೀರ್ಣವಾದರೂ ದಡಿ ಗಟ್ಟಿಯಾಗಿಯೇ ಇರುತ್ತದೆ. ಚಿಕ್ಕಿ, ಗೋಮಿ, ಗಾಡಿ, ಪರಾಸಪೇಟಿ ಎಂದು ದಡಿಗಳ ಜಾತಿಗಳನ್ನು ಬೇರೆಬೇರೆಯಾಗಿ ಸುರುಳಿ ಸುತ್ತಿ ಇಟ್ಟಿದ್ದಳು. ಕೌದಿಯ ಅಂಚು ಕೈಯ ಎಳೆತಕ್ಕೆ ಮೊದಲು ಹರಿಯುವ ಸ್ಥಳವಾದ್ದರಿಂದ ಅಲ್ಲಿ ಈ ದಡಿಗಳೇ ಬೇಕು. ಮೂರನೆಯದು ಖಣದ ಗಂಟು. ಅಂಗೈಯಷ್ಟು, ಎರಡು ಬೆರಳಷ್ಟು ತುಂಡುಗಳು. ನಾಲ್ಕು ಮೂಲೆಗೆ ಮತ್ತು ನಡುವಿಗೆ ಇಡುವಂಥವು. ಅಕ್ಕ ಬಿಡಿಸಿಟ್ಟ ಸೆರಗುಗಳೂ ಇದರಲ್ಲಿಯೇ. ರೇಶಿಮೆಯನ್ನು ಒಂದೇ ಮಡಿಕೆಯಲ್ಲಿ ಬಹುಕಾಲ ಇಟ್ಟರೆ ಮಡಿಕೆಯ ಗೆರೆಯಲ್ಲಿಯೇ ಸೀಳುತ್ತದೆಯೆಂದು ಅಕ್ಕ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮಡಿಕೆಯನ್ನು ಬದಲಿಸುತ್ತಿದ್ದಳಂತೆ.

ನಾಲ್ಕನೆಯದು ಗಂಡಸರ ಮತ್ತು ಮಕ್ಕಳ ಅರಿವೆಯ ಗಂಟು. ಧೋತರ, ಅಂಗಿ, ಶಾಲೆಯ ಸಮವಸ್ತ್ರ. ಇದರಲ್ಲಿ ತಿಳಿಬಣ್ಣದವು ಮೇಲೆ, ಗಾಢಬಣ್ಣದವು ಕೆಳಗೆ, ನಡುವೆ ಒಂದು ಗೋಣಿಯ ತುಂಡು. ಬಣ್ಣ ಬಿಡುವ ಅರಿವೆ ಯಾವುದೆಂದು ತಿಳಿಯಲು ಪ್ರತಿಯೊಂದರ ಮೂಲೆಯನ್ನೂ ನೀರಿನಲ್ಲಿ ನೆನೆಸಿ ಬಿಳಿಯ ಧೋತರಕ್ಕೆ ಒತ್ತಿ ನೋಡಿದ ಮೇಲೆಯೇ ಅದು ಗಂಟಿಗೆ ಸೇರುವುದು. ಐದನೆಯದನ್ನು ಅವರು "ಜಾರೂ ಗಂಟು" ಎಂದರು. ನೈಲಾನ್, ಟೆರಿಲಿನ್, ಪಾಲಿಯೆಸ್ಟರ್ ಸೀರೆಗಳು. ಇವು ಬೆವರನ್ನು ಹೀರವು, ನೂಲಿನ ಜೊತೆ ಕುಗ್ಗವು, ಹೊಲಿಯುವಾಗ ಜಾರುತ್ತವೆ. ಹಾಗೆಂದು ಎಸೆಯುವಂತೆಯೂ ಇಲ್ಲ. ಕಾಲೊರಸು, ಹಗ್ಗ, ದನಗಳ ಮೈಮೇಲಿನ ಹೊದಿಕೆ, ಸಂತೆಯ ಚೀಲ, ಹೀಗೆ ಅವಕ್ಕೂ ಒಂದು ಉಪಯೋಗ ನಿಶ್ಚಿತವಾಗಿತ್ತು.

ಇಷ್ಟು ಹೇಳಿದ ಮೇಲೆ ಅಜ್ಜಿ ಆ ಸಣ್ಣ ಚೀಲವನ್ನು ಮಡಿಲಲ್ಲಿ ಬರಿದು ಮಾಡಿದಳು. ಸೂಜಿಗಳು, ದಪ್ಪ ದಾರದ ಉಂಡೆಗಳು, ದಾರಕ್ಕೆ ಸವರುವ ಜೇನುಮೇಣದ ಒಂದು ತುಣುಕು. ಅವುಗಳೊಡನೆ ನಾಲ್ಕು ಬಣ್ಣದ ನಾಲ್ಕು ಮೊಳದುದ್ದದ ದಾರಗಳು. ಮೂರು ದಾರಗಳಲ್ಲಿ ಅಲ್ಲಲ್ಲಿ ಗಂಟು ಹಾಕಿದ್ದಿತು. ಅದೇನೆಂದು ಕೇಳಿದೆ. "ಮುಯ್ಯಿರಿ" ಎಂದಳು ಅಜ್ಜಿ.

ಮುಯ್ಯಾಳಿನ ಪದ್ಧತಿ ಹೊಲದ ಕೆಲಸದಲ್ಲಿ ಇರುವುದು ಎಲ್ಲರೂ ಬಲ್ಲ ಸಂಗತಿ. ಇಂದು ನೀವು ನಮ್ಮ ಹೊಲಕ್ಕೆ ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ, ಕೂಲಿಯ ಮಾತಿಲ್ಲ. ಅದೇ ರೀತಿ ಈ ಐವರೂ ಸುಗ್ಗಿಯ ನಂತರದ ಬಿಸಿಲಿನ ದಿನಗಳಲ್ಲಿ ಒಬ್ಬರ ಅಂಗಳದಲ್ಲಿ ಒಬ್ಬರು ಕುಳಿತು ಕೌದಿ ಹೊಲಿಯುತ್ತಿದ್ದರು. ಗೊಂದಲಿಗ, ಬುಡಬುಡಿಕೆಯ ಸಮುದಾಯಗಳ ಮಹಿಳೆಯರು ಊರೂರಿಗೆ ಬಂದು ಕೂಲಿಗೆ ಕೌದಿ ಹೊಲಿದುಕೊಡುವುದು ನಮ್ಮ ಸೀಮೆಯಲ್ಲಿ ಉಂಟು. ಅವರ ಕೈಯ ಹೊಲಿಗೆಗೆ ಸರಿಗಟ್ಟುವುದು ಕಷ್ಟವೆಂದು ಇವರೇ ಹೇಳುತ್ತಾರೆ. ಆದರೆ ತೊಟ್ಟಿಲಿಗೆ, ಮದುವೆಗೆ, ಬಾಣಂತಿಗೆ ಬೇಕಾದ ಕೌದಿಯನ್ನು ತಾವೇ ಕೂಡಿ ಹೊಲಿಯಬೇಕೆಂಬುದು ಇವರ ನಿಯಮ. ಒಬ್ಬಳ ಮನೆಯಲ್ಲಿ ಖಣದ ತುಂಡು ಇಲ್ಲದಿದ್ದರೆ ಇನ್ನೊಬ್ಬಳ ಗಂಟಿನಿಂದ ಬರುತ್ತಿತ್ತು. ಗಂಟುಗಳು ಅಕ್ಕನ ಕೋಣೆಯಲ್ಲಿದ್ದುವೇ ಹೊರತು ಅಕ್ಕನವಾಗಿರಲಿಲ್ಲ. "ಈ ಪರಾಸಪೇಟಿ ದಡಿ ನಂದು, ಆ ಹಸರ ಖಣ ಈಕಿ ಮಗಳ ಸೀಮಂತದ್ದು" ಎಂದು ಅವರು ಗುರುತಿಸುತ್ತ ಹೋದರು. ನಾನು ನಾಲ್ಕು ಸ್ಟೀಲ್ ಡಬ್ಬಿಗೆ ಕೊಡಲು ಒಪ್ಪಿದ್ದು ಐದು ಮನೆಗಳ ಸೊತ್ತಾಗಿತ್ತು.

ದಾರದ ಲೆಕ್ಕ ಹೀಗೆ: ಗೆಳತಿಯೊಬ್ಬಳು ಒಂದು ದಿನ ಬಂದು ಹೊಲಿದರೆ ಅಕ್ಕ ಆಕೆಯ ದಾರಕ್ಕೆ ಒಂದು ಗಂಟು ಹಾಕುವಳು, ತಿರುಗಿ ತಾನು ಒಂದು ದಿನ ಹೋಗಿ ಹೊಲಿದರೆ ಆ ಗಂಟನ್ನು ಬಿಚ್ಚುವಳು. ಬಡಿಗೇರ ಮನೆಯದರಲ್ಲಿ ಎರಡು, ನೇಕಾರ ಓಣಿಯದರಲ್ಲಿ ಒಂದು, ಎದುರುಮನೆಯದರಲ್ಲಿ ಮೂರು ಗಂಟುಗಳು ಉಳಿದಿದ್ದವು. ಮುಲ್ಲಾರ ಮನೆಯ ದಾರ ಬರಿದಾಗಿತ್ತು. ತನಗೆ ಬರಬೇಕಾದ ದಿನಗಳ ಗುರುತು ಎಲ್ಲಿಯೂ ಇರಲಿಲ್ಲ. ಅದನ್ನು ಕೊಡಬೇಕಾದವರು ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಕಂತೆ. ಆರು ದಿನಗಳ ಋಣವನ್ನು ಉಳಿಸಿಕೊಂಡು ಅಕ್ಕ ಹೋಗಿದ್ದಳು. "ಬಿಡ್ರಿ, ಆಕೀನ ಇಲ್ಲ, ಇನ್ನೆಲ್ಲಿ ಮುಯ್ಯಿ" ಎಂದು ಗೌಡತಿ ಕಣ್ಣೊರೆಸಿಕೊಂಡಳು. ಆಗ ಬಾಗಿಲಲ್ಲಿ ನಿಂತಿದ್ದ ಅಳಿಯನ ಹೆಂಡತಿ, "ಆ ಆರು ದಿನ ನಾ ಬರ್ತೀನಿ" ಎಂದಳು. ಅವಳು ಪಟ್ಟಣದಲ್ಲಿ ಓದಿದವಳು, ಸೂಜಿ ಹಿಡಿದವಳಲ್ಲ. "ನಿನಗ ಹೊಲಿಯಾಕ ಬರೂದಿಲ್ಲಲ್ಲ ತಂಗಿ" ಎಂದರೆ, "ಕಲಸ್ರಿ" ಎಂದಳು. ಪಾತ್ರೆಯ ಮಾತು ಅಲ್ಲಿಗೆ ಮುಗಿಯಿತು.

ಅರ್ಧವಾಗಿದ್ದ ಕೌದಿ ಯಾರದೆಂದು ವಿಚಾರಿಸಿದೆ. ಅಳಿಯನ ಮಗಳದು. ಅವಳು ಮುಂದಿನ ಜೂನ್ ತಿಂಗಳಲ್ಲಿ ಧಾರವಾಡದ ವಿದ್ಯಾರ್ಥಿನಿಲಯಕ್ಕೆ ಸೇರುವವಳು. ಅದನ್ನು ಮುಗಿಸಿಯೇ ಬಿಡುವುದೆಂದು ಮರುದಿನ ಅಂಗಳವನ್ನು ಸಾರಿಸಿ ಅದನ್ನು ಹಾಸಿ ನಾಲ್ಕು ಮೂಲೆಗೆ ಕಲ್ಲು ಹೇರಿದರು. ನಾಲ್ಕು ಬದಿಗೆ ನಾಲ್ವರು ಕುಳಿತರು. ಕೆಳಗೆ ಎರಡು ಪದರ ಸೀರೆ, ಮೇಲೆ ತುಂಡುಗಳ ಜೋಡಣೆ, ಮೂರನ್ನೂ ಒಂದುಗೂಡಿಸುವ ಉದ್ದೋಟದ ಸರಳ ಹೊಲಿಗೆ. ಸಾಲಿಗೂ ಸಾಲಿಗೂ ಒಂದು ಬೆರಳು ಅಂತರ. ಸಾಲುಗಳು ದೂರವಾದರೆ ಒಳಪದರ ಜಾರಿ ಮುದ್ದೆಯಾಗುತ್ತದೆ. ಅತಿ ಹತ್ತಿರವಾದರೆ ಕೌದಿ ಹಲಗೆಯಂತೆ ಬಿರುಸಾಗುತ್ತದೆ. ಹಳೆಯ ಸೀರೆಯ ಸವೆದ ಭಾಗ ಒಳಗೆ, ಗಟ್ಟಿ ಭಾಗ ಹೊರಗೆ.

ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ಅಜ್ಜಿ ಸೂಜಿಯ ಕಣ್ಣಿಗೆ ದಾರ ಹಾಕಲು ಮೂರು ಸಲ ಯತ್ನಿಸಿ ಸೋತಳು. ಉಳಿದವರ ಪಾಡೂ ಅದೇ. ಎಲ್ಲರ ಕಣ್ಣಿಗೂ ಪೊರೆ. ಅಕ್ಕನ ಕಣ್ಣು ಕೊನೆಯವರೆಗೂ ಚೆನ್ನಾಗಿದ್ದುದರಿಂದ ಎಲ್ಲರಿಗೂ ಅವಳೇ ಪೋಣಿಸಿಕೊಡುತ್ತಿದ್ದಳಂತೆ. ನಾನು ಕನ್ನಡಕವನ್ನು ಒರೆಸಿಕೊಂಡು ಕೆಳಗಿಳಿದು ಕುಳಿತೆ. ಸೂಜಿಕಾಯಕದ ರಾಮಿತಂದೆ ಎಂಬ ಶರಣರ ಹೆಸರನ್ನು ನಾನು ಎಷ್ಟೋ ಉಪನ್ಯಾಸಗಳಲ್ಲಿ ಹೇಳಿದ್ದೇನೆ. ಕೈಯಲ್ಲಿ ಸೂಜಿ ಹಿಡಿದದ್ದು ಅಂದೇ ಮೊದಲು. ಎರಡು ದಿನ, ಬೆಳಗಿನಿಂದ ಸಂಜೆಯವರೆಗೆ, ದಾರಕ್ಕೆ ಮೇಣ ಸವರಿ ಐದು ಸೂಜಿಗಳಿಗೆ ಸರದಿಯಂತೆ ಪೋಣಿಸಿಕೊಟ್ಟೆ. ಐದನೆಯದು ಅಳಿಯನ ಹೆಂಡತಿಯದು.

"ಅಪ್ಪಾರ, ಬ್ಯಾರೆ ಸೀಮಿಯೊಳಗ ಹೆಂಗ ಹೊಲೀತಾರ?" ಎಂದು ಮುಲ್ಲಾರ ಮನೆಯ ತಾಯಿ ಕೇಳಿದಳು. ನಾನು ಬಲ್ಲಷ್ಟನ್ನು ಹೇಳಿದೆ. ತೇಪೆಯ ಹೊದಿಕೆಗೆ ಸಂಸ್ಕೃತದಲ್ಲಿ ಕಂಥಾ ಎಂದು ಹೆಸರು. ಬಂಗಾಲದವರು ಇಂದಿಗೂ ಕಾಂಥಾ ಎನ್ನುತ್ತಾರೆ. ಮರಾಠಿಯಲ್ಲಿ ಗೋಧಡಿ, ಬಿಹಾರದಲ್ಲಿ ಸುಜನಿ, ಸಿಂಧ್ ಪ್ರಾಂತದಲ್ಲಿ ರಲ್ಲಿ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿಗಳು ಕವಂದಿ ಎನ್ನುತ್ತಾರೆ. ಅವರ ಹಿರಿಯರು ಆಫ್ರಿಕದವರು. ಪೋರ್ಚುಗೀಜರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಈ ಕಾಡುಗಳನ್ನು ಸೇರಿದವರು ಬಹಳ. ೨೦೦೩ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಸಿದ್ದಿ ಮಹಿಳೆಯರು ತುಂಡುಗಳನ್ನು ಮೊದಲೇ ಪೂರ್ತಿ ಜೋಡಿಸುವುದಿಲ್ಲ. ಅಂಚಿನಿಂದ ಆರಂಭಿಸಿ ಒಂದೊಂದೇ ತುಂಡನ್ನಿಟ್ಟು ಸುತ್ತು ಸುತ್ತಾಗಿ ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಹೂವೆಂದು ಕರೆಯುವ ಮಡಿಚಿದ ತುಂಡುಗಳನ್ನು ಇಡದಿದ್ದರೆ ಅವರಿಗೆ ಕವಂದಿ ಪೂರ್ಣವಾಗದು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಅವರ ಕೆಲಸವನ್ನು ಅಭ್ಯಸಿಸಿ ಸಿದ್ದಿ ಮಹಿಳೆಯರ ಸಹಕಾರ ಸಂಘಕ್ಕೆ ನೆರವಾದರು. ೨೦೧೧ರಲ್ಲಿ ಆ ಕವಂದಿಗಳು ನ್ಯೂಯಾರ್ಕ್ ನಗರದ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದವು. ಇದನ್ನು ಕೇಳಿ ಅಜ್ಜಿ, "ಅಲ್ಲಿ ಗ್ವಾಡಿಗೆ ಹಾಕಿದ್ರ? ಹೊದಕೊಳ್ಳಾಕ ಯಾರಿಗೂ ಕೊಡಲಿಲ್ಲೇನು?" ಎಂದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಪ್ರಶ್ನೆ ನಗುವಂಥದಾಗಿ ಕಾಣಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ: "ಅಕ್ಕ ನನಗೆಂದು ಏನಾದರೂ ಅರಿವೆ ತೆಗೆದಿಟ್ಟಿದ್ದಳೋ?" ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅಜ್ಜಿಯೇ ಹೇಳಿದಳು: "ಆರನೇ ಗಂಟು ಒಂದಿತ್ತರಿ. ಭಾಳ ವರ್ಷ ಇಟ್ಟಿದ್ಲು. ಹ್ವಾದ ವರ್ಷ ನೇಕಾರ ಓಣಿ ಈಕಿ ಮೊಮ್ಮಗ ಹುಟ್ಟಿದಾಗ ಬಿಚ್ಚಿ ತೊಟ್ಟಿಲ ಕೌದಿ ಮಾಡಿದ್ವಿ. 'ತಮ್ಮನ ಮನ್ಯಾಗ ರಗ್ಗ ಅದಾವ, ಈ ಕೂಸಿಗೆ ಥಂಡಿ ಅದ' ಅಂದ್ಲು." ನೇಕಾರ ಓಣಿಯ ಹೆಣ್ಣುಮಗಳು ಸಂಕೋಚದಿಂದ ತಲೆ ತಗ್ಗಿಸಿದಳು. ನಾನು, "ತಾಯಿ, ಅದು ಸೇರಬೇಕಾದಲ್ಲಿಗೆ ಸೇರಿತು" ಎಂದೆ. ಹಾಗೆ ಹೇಳಿದ್ದು ನಿಜ. ಕೇಳಿದೊಡನೆ ಎದೆಯಲ್ಲಿ ಏನೋ ಕಡಿದಂತಾದುದೂ ನಿಜ. ಎರಡನೆಯ ಕೌದಿಯನ್ನು ಅವಳು ಐದು ದಶಕಗಳ ಕಾಲ ಗಂಟಿನಲ್ಲಿ ಕಾದಿಟ್ಟಿದ್ದಳು. ಬೇಕೆಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಅಳಿಯನ ಮಗಳು ಹತ್ತಿರ ಬಂದು ಕುಳಿತು ಮೆಲ್ಲನೆ, "ಅಜ್ಜಾ, ಹಾಸ್ಟೆಲ್ಲಿನಾಗ ಇದನ್ನ ನೋಡಿ ನಗ್ತಾರೇನ?" ಎಂದು ಕೇಳಿದಳು. "ನಗಬಹುದು. ನನ್ನನ್ನು ನೋಡಿ ನಕ್ಕಿದ್ದರು" ಎಂದು ಆರಂಭಿಸಿ, ಅಡಿಗೆಯವರ ಮಗನಿಗೆ ಕೊಟ್ಟದ್ದು, ಅಕ್ಕನಿಗೆ ಸುಳ್ಳು ಹೇಳಿದ್ದು ಎಲ್ಲವನ್ನೂ ಹೇಳಿದೆ. ಆ ಸಂಗತಿಯನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲ ಸಲ. ಹೆಂಗಸರ ಸೂಜಿಗಳು ಕ್ಷಣಕಾಲ ನಿಂತವು. ನಾನು ಅವಳಿಗೆ ಯಾವ ಉಪದೇಶವನ್ನೂ ಮಾಡಲಿಲ್ಲ. ಉಪದೇಶಿಸುವ ಅಧಿಕಾರ ನನಗೆ ಇರಲಿಲ್ಲ. ಹುಡುಗಿ ಎದ್ದು ಒಳಗೆ ಹೋಗಿ ತನ್ನ ಹೈಸ್ಕೂಲಿನ ನೀಲಿ ಲಂಗವನ್ನು ತಂದು ಅಜ್ಜಿಯ ಮುಂದೆ ಇಟ್ಟು, "ಇದನ್ನೂ ಎಲ್ಲ್ಯರ ಸೇರಸ್ರಿ" ಎಂದಳು. ಅಜ್ಜಿ ಅದರ ಮೂಲೆಯನ್ನು ನೆನೆಸಿ ಬಿಳಿಯ ಧೋತರಕ್ಕೆ ಒತ್ತಿ ನೋಡಿದ ಮೇಲೆಯೇ ಕತ್ತರಿ ಹಾಕಿದಳು.

ಸಂಜೆಗೆ ನಡುವಿನ ಒಂದು ತುಂಡಿನಷ್ಟು ಜಾಗ ಉಳಿಯಿತು. ಅದನ್ನು ನಮ್ಮ ಮನೆಯಲ್ಲಿ ಕೌದಿಯ ಹೊಟ್ಟೆಯೆನ್ನುತ್ತಾರೆ. ಬರಿಹೊಟ್ಟೆಯಲ್ಲಿ ಮುಚ್ಚಬಾರದೆಂದು ನಾಲ್ಕು ಕಾಳು ಜೋಳವನ್ನಿಟ್ಟು, ಮೇಲೆ ಅಕ್ಕನ ಗಂಟಿನ ಖಣವನ್ನಿಟ್ಟು ಹೊಲಿದರು. ಬಳಿಕ ಎಲ್ಲರೂ ಅಂಗಳದಲ್ಲಿಯೇ ಕುಳಿತು ರೊಟ್ಟಿ, ಬದನೆಕಾಯಿಯ ಪಲ್ಯ, ಮಾದಲಿ ಉಂಡೆವು. ಗಂಟುಗಳನ್ನು ಮೊದಲಿನಂತೆಯೇ ಕಟ್ಟಿ, ಹೊಸ ಬೇವಿನ ಎಲೆ ಹಾಕಿ, ಅದೇ ಕೋಣೆಯಲ್ಲಿ ಇಟ್ಟರು. ಹೊರಡುವಾಗ ಬಡಿಗೇರ ಮನೆಯ ಅಜ್ಜಿ ತನ್ನ ದಾರವನ್ನು ತೆಗೆದು, "ಎರಡು ದಿನ ನೀವು ಕುಂತೀರಿ. ನಿಮ್ಮ ಅಕ್ಕನ ಲೆಕ್ಕಕ್ಕ ಹಿಡೀತೀನಿ" ಎಂದು ಎರಡೂ ಗಂಟುಗಳನ್ನು ಹಲ್ಲಿನಿಂದ ಬಿಡಿಸಿದಳು. ಪಂಡಿತಪದವಿಯ ಪ್ರಮಾಣಪತ್ರವನ್ನು ಪಡೆದ ದಿನವೂ ನನಗೆ ಅಂಥ ಸಮಾಧಾನವಾಗಿರಲಿಲ್ಲ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಹಿರಿಯರ ಕೋಣೆಯಲ್ಲಿಯೂ ಇಂಥ ಗಂಟುಗಳಿರಬಹುದು. ಪಾತ್ರೆಯವಳ ಬುಟ್ಟಿಗೆ ಹಾಕುವ ಮೊದಲು ಅವರ ಗೆಳತಿಯರನ್ನು ಕರೆದು ಒಮ್ಮೆ ತೋರಿಸಿರಿ. ಹಿರಿಯರು ಇನ್ನೂ ಇದ್ದರೆ ಅವರನ್ನೇ ಕೇಳಿರಿ. ಕೇಳಿಸಿಕೊಳ್ಳಲು ಅವರು ಕಾಯುತ್ತಿರಬಹುದು.

ಮೊನ್ನೆ ಅಳಿಯನ ಹೆಂಡತಿ ಫೋನು ಮಾಡಿದ್ದಳು. ನೇಕಾರ ಓಣಿಯ ದಾರ ಬರಿದಾಗಿದೆಯಂತೆ. ಎದುರುಮನೆಯದರಲ್ಲಿ ಇನ್ನು ಒಂದೇ ಗಂಟು ಉಳಿದಿದೆಯಂತೆ. ಅವಳ ಹೊಲಿಗೆಯ ಸಾಲು ಇನ್ನೂ ಸೊಟ್ಟವೇ. ಗೌಡತಿ ಬಿಚ್ಚಿಸಿ ಮತ್ತೆ ಹೊಲಿಸುತ್ತಾಳಂತೆ.